ಬಾರಿಹಣ್ಣು ಊಟದ ಗಂಗಾಳಕ್ಕೆ ಬರಬೇಕು

ಲಕ್ಷ್ಮೇಶ್ವರ ತಾಲೂಕಿನ ಯಳವತ್ತಿಯ ಸುತ್ತಿನ ಹೊಲಗಳಲ್ಲಿ ಹಿಂಗಾರಿ ಜೋಳ ತೆನೆಗಟ್ಟುವ ಹೊತ್ತಿಗೆ ಬದುವಿನ ಬಾರಿಗಿಡಗಳೂ ಹಣ್ಣಾಗುತ್ತವೆ. ಆ ಹಣ್ಣನ್ನು ಏನು ಮಾಡಬೇಕು ಎಂಬುದರ ಬಗ್ಗೆ ಇಬ್ಬರು ಮಾತಾಡುತ್ತಿದ್ದಾರೆ. ಒಬ್ಬ ಒಕ್ಕಲುತನ ಮಾಡುವ ಯುವಕ. ಹಣ್ಣಿನಿಂದ ಸಣ್ಣದೊಂದು ಉದ್ಯೋಗ ಕಟ್ಟುವ ವಿಚಾರ ಅವನದು. ಇನ್ನೊಬ್ಬರು ಆಹಾರಶಾಸ್ತ್ರ ಕಲಿಸುವವರು. ಊರವರಿಗೆ ಅವರು ಅಕ್ಕಾರು.

ತಮ್ಮ: ಅಕ್ಕಾರ, ಡ್ಯಾಮ್ಸನ್ ಎಂಬ ಹಣ್ಣಿನ ಬಗ್ಗೆ ಓದಿದ ಮೇಲೆ ನನಗೊಂದು ವಿಚಾರ ಹೊಳೆದಿದೆ. ಅದು ಪ್ಲಮ್ ಜಾತಿಯ ಸಣ್ಣ ಹಣ್ಣು, ಕಪ್ಪುನೀಲಿ ಬಣ್ಣ. ಇಂಗ್ಲೆಂಡಿನ ವೆಸ್ಟ್‌ಮೋರ್‌ಲ್ಯಾಂಡ್ ಸೀಮೆಯ ಲಿತ್ ಕಣಿವೆಯಲ್ಲಿ, ಶ್ರಾಪ್‌ಶೈರ್ ಕಡೆ, ಹೊಲದ ಬೇಲಿಗುಂಟ ಅದನ್ನು ಬೆಳೆಸುತ್ತ ಬಂದಿದ್ದಾರೆ. ಹಸಿಯಾಗಿ ತಿಂದರೆ ಹುಳಿ, ಒಗರು, ನಾಲಿಗೆ ಹಿಡಿಯುತ್ತದೆ. ಆದರೂ ಅವರು ಅದನ್ನು ಬಿಟ್ಟಿಲ್ಲ. ಸಕ್ಕರೆ ಹಾಕಿ ಕುದಿಸಿ ಜಾಮ್ ಮಾಡುತ್ತಾರೆ, ಇನ್ನಷ್ಟು ಕಾಯಿಸಿ ಚಾಕುವಿನಿಂದ ಕೊಯ್ಯುವಷ್ಟು ಗಟ್ಟಿ ಪಾಕ ಮಾಡುತ್ತಾರೆ, ವಿನೆಗರ್‌ನಲ್ಲಿ ಉಪ್ಪಿನಕಾಯಿ ಹಾಕುತ್ತಾರೆ. ಬೇಲಿಯ ಹಣ್ಣಿಗೆ ಅಲ್ಲಿ ಇಷ್ಟು ಮರ್ಯಾದೆ ಇದೆ. ನಮ್ಮ ಬದುವಿನ ಬಾರಿಯೂ ಯಾರೂ ನೀರು ಹಾಯಿಸದ, ಗೊಬ್ಬರ ಹಾಕದ ಹಣ್ಣು. ಪುಷ್ಯಮಾಸ ಮುಗಿಯುವ ಹೊತ್ತಿಗೆ ಗಿಡದ ಕೆಳಗೆ ಬಿದ್ದು ಕೊಳೆತು ಹೋಗುತ್ತದೆ. ಅದರದೂ ಜಾಮ್ ಮಾಡಿ ಬಾಟಲಿಗೆ ತುಂಬಿ ಗದಗ, ಹುಬ್ಬಳ್ಳಿ ಪೇಟೆಗೆ ಕಳಿಸಿದರೆ ಹಣ್ಣಿಗೂ ಬೆಲೆ ಬರುತ್ತದೆ, ತಿಂದವರ ಮೈಗೂ ಒಳ್ಳೆಯದಾಗುತ್ತದೆ ಎಂಬುದು ನನ್ನ ಲೆಕ್ಕ.

ಅಕ್ಕ: ಬೆಲೆ ಬರಬಹುದು, ತಮ್ಮಾ. ಮೈಗೆ ಒಳ್ಳೆಯದಾಗುತ್ತದೆ ಎಂಬ ಮಾತನ್ನು ಮಾತ್ರ ಪರೀಕ್ಷೆ ಮಾಡಿ ನೋಡಬೇಕು. ಎರಡೂ ಬೇಲಿಯ ಹಣ್ಣು, ಎರಡೂ ಬಡವರ ಹಿತ್ತಲ ಹಣ್ಣು ಎಂಬಷ್ಟಕ್ಕೆ ನಿನ್ನ ಹೋಲಿಕೆ ಸರಿ. ಬಣ್ಣ, ಒಗರು ನೋಡುವುದಾದರೆ ಡ್ಯಾಮ್ಸನ್‌ಗೆ ನಮ್ಮ ನೇರಳೆ ಹೆಚ್ಚು ಹತ್ತಿರ; ಆದರೆ ನೇರಳೆ ಹಳ್ಳದ ದಂಡೆಯನ್ನು, ತೇವದ ನೆಲವನ್ನು ಬಯಸುವ ಮರ. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆಯಾಗುವ ಈ ಎರಿ, ಮಸಾರಿ ನೆಲದ ಬದುವಿನ ಮೇಲೆ ತಾನಾಗಿ ನಿಲ್ಲುವುದು ಬಾರಿಯೇ. ಹಾಗಾಗಿ ಡ್ಯಾಮ್ಸನ್ ಬಗ್ಗೆ ಕೇಳುವ ಪ್ರಶ್ನೆಯನ್ನು ಇಲ್ಲಿ ಬಾರಿಯ ಬಗ್ಗೆಯೇ ಕೇಳಬೇಕು, ಅದನ್ನು ಒಪ್ಪುತ್ತೇನೆ. ಉತ್ತರ ಮಾತ್ರ ಬೇರೆ ಬರುತ್ತದೆ. ಡ್ಯಾಮ್ಸನ್ನಿನ ಸಿಪ್ಪೆಯಲ್ಲಿ ಒಗರಿನ ಅಂಶ ಹೆಚ್ಚು, ತಿರುಳಿನಲ್ಲಿ ಹುಳಿ ಹೆಚ್ಚು, ಪಾಕವನ್ನು ಹೆಪ್ಪುಗಟ್ಟಿಸುವ ಪೆಕ್ಟಿನ್ ಕೂಡ ಹೆಚ್ಚು. ಬೆಂಕಿ, ಸಕ್ಕರೆ ಇಲ್ಲದೆ ಅದು ತಿನ್ನಲು ಒಗ್ಗುವುದಿಲ್ಲ. ಬೆಂಕಿಗೆ ಇಟ್ಟರೆ ಅದು ಕಳೆದುಕೊಳ್ಳುವುದೂ ಅಷ್ಟಕ್ಕಷ್ಟೇ, ಏಕೆಂದರೆ ಪ್ಲಮ್ ಕುಲದ ಹಣ್ಣುಗಳಲ್ಲಿ ಸಿ ವಿಟಮಿನ್ ಮೊದಲೇ ಕಡಿಮೆ. ನೂರು ಗ್ರಾಂ ಪ್ಲಮ್ ತಿರುಳಿನಲ್ಲಿ ಹತ್ತು ಮಿ.ಗ್ರಾಂ ಸಹ ಇರುವುದಿಲ್ಲ. ಬಾರಿಯಲ್ಲಿ? ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಆಹಾರ ಕೋಷ್ಟಕಗಳಲ್ಲಿ ನೂರು ಗ್ರಾಂ ಬಾರಿಯ ತಿರುಳಿಗೆ 76 ಮಿ.ಗ್ರಾಂ ಎಂದಿದೆ. ಅದೇ ಕೋಷ್ಟಕದಲ್ಲಿ ಕಿತ್ತಳೆಗೆ 30, ಮಾವಿನಹಣ್ಣಿಗೆ 16, ಬಾಳೆಹಣ್ಣಿಗೆ 7, ಸೇಬಿಗೆ 1. ನೆಲ್ಲಿಯನ್ನೂ ಪೇರಲವನ್ನೂ ಬಿಟ್ಟರೆ ನಮ್ಮ ಕೈಗೆ ಸುಲಭವಾಗಿ ಸಿಗುವ ಹಣ್ಣುಗಳಲ್ಲಿ ಬಾರಿಯ ಮುಂದೆ ನಿಲ್ಲುವವು ಬಹಳ ಇಲ್ಲ. ಈ ವಿಟಮಿನ್‌ಗೆ ದೊಡ್ಡ ವೈರಿ ಎಂದರೆ ಬೆಂಕಿ, ಗಾಳಿ ಮತ್ತು ಬಿಸಿಲು. ಡ್ಯಾಮ್ಸನ್ನನ್ನು ಬದುಕಿಸುವ ಅಡುಗೆ ಬಾರಿಯಲ್ಲಿ ಇರುವುದನ್ನು ಕಳೆಯುತ್ತದೆ.

ತಮ್ಮ: ಅಂದರೆ ಜಾಮ್‌ನಲ್ಲಿ ಏನೂ ಉಳಿಯುವುದಿಲ್ಲವೇ?

ಅಕ್ಕ: ಏನೂ ಇಲ್ಲ ಎನ್ನಲಾರೆ, ನಾರು ಸ್ವಲ್ಪ ಉಳಿಯುತ್ತದೆ, ರುಚಿ ಉಳಿಯುತ್ತದೆ. ಆದರೆ ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದ ಪ್ರಕಾರ ಜಾಮ್ ಎಂದು ಹೆಸರು ಹಚ್ಚಬೇಕಾದರೆ ಅದರಲ್ಲಿ ಕರಗಿದ ಘನಾಂಶ ನೂರಕ್ಕೆ 65ಕ್ಕಿಂತ ಕಡಿಮೆ ಇರುವಂತಿಲ್ಲ. ಆ ಘನಾಂಶದಲ್ಲಿ ಬಹುಪಾಲು ಸಕ್ಕರೆ. ಹಾಗೆ ಮಾಡದಿದ್ದರೆ ಅದು ಕೆಡದೆ ನಿಲ್ಲುವುದಿಲ್ಲ. ಬಾರಿಯ ಹಸಿ ತಿರುಳಿನಲ್ಲಿ ಪಿಷ್ಟ, ಸಕ್ಕರೆ ಎಲ್ಲ ಕೂಡಿ ನೂರಕ್ಕೆ 17 ಗ್ರಾಂ, 74 ಕ್ಯಾಲೊರಿ. ಅದನ್ನು ಜಾಮ್ ಮಾಡಿದೆವೆಂದರೆ ಹಣ್ಣಿನ ಹೆಸರಿನಲ್ಲಿ ಸಕ್ಕರೆ ಮಾರಿದಂತಾಗುತ್ತದೆ. ಹಣ್ಣಿನಲ್ಲಿ ಇದ್ದ ದೊಡ್ಡ ಗುಣವೊಂದನ್ನು ತೆಗೆದು, ಮೊದಲೇ ಹೆಚ್ಚಾಗಿರುವ ಪದಾರ್ಥವೊಂದನ್ನು ಸೇರಿಸಿ, ಅದನ್ನು ಆರೋಗ್ಯದ ಹೆಸರಿನಲ್ಲಿ ಮಾರುವುದು ನನಗೆ ಒಪ್ಪಿಗೆಯಾಗುವುದಿಲ್ಲ. ವ್ಯಾಪಾರಕ್ಕಾಗಿ ಮಾಡು, ಸಿಹಿ ತಿನಿಸು ಎಂದು ಮಾರು. ಪೋಷಣೆ ಎಂದು ಮಾರಬೇಡ.

ತಮ್ಮ: ಸಿ ವಿಟಮಿನ್ ಅಷ್ಟು ದೊಡ್ಡದೇ, ಅಕ್ಕಾರ? ಅದು ಕಡಿಮೆಯಾದರೆ ವಸಡಿನಲ್ಲಿ ರಕ್ತ ಬರುತ್ತದೆ ಎಂದು ಶಾಲೆಯಲ್ಲಿ ಹೇಳಿಕೊಡುತ್ತಾರೆ. ನಮ್ಮ ಊರಲ್ಲಿ ಅಂಥ ರೋಗ ಯಾರಿಗೂ ಬಂದದ್ದು ಕಾಣುವುದಿಲ್ಲ. ನಮ್ಮಲ್ಲಿ ಕಾಣುವುದು ರಕ್ತ ಕಡಿಮೆ ಎಂಬ ದೂರು. ಬಾರಿಯಲ್ಲಿ ಕಬ್ಬಿಣ ಇದೆಯೇ ಹೇಳಿ, ಆಗ ಒಪ್ಪುತ್ತೇನೆ.

ಅಕ್ಕ: ಕಬ್ಬಿಣ ಅರ್ಧ ಮಿ.ಗ್ರಾಂ, ಅಷ್ಟೇ. ಕಬ್ಬಿಣಕ್ಕಾಗಿ ಬಾರಿ ತಿನ್ನು ಎಂದು ಯಾರಾದರೂ ಹೇಳಿದರೆ ನಂಬಬೇಡ. ಆದರೆ ನೀನು ಹೇಳಿದ ದೂರಿನೊಳಗೇ ಬಾರಿಯ ಉಪಯೋಗ ಅಡಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 48ರಷ್ಟು ಜನರಿಗೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಹೆಚ್ಚು. ಈಗ ನಮ್ಮ ಊಟ ನೋಡು. ನೂರು ಗ್ರಾಂ ಜೋಳದ ಹಿಟ್ಟಿನಲ್ಲಿ ನಾಲ್ಕು ಮಿ.ಗ್ರಾಂ ಕಬ್ಬಿಣ ಇದೆ. ಹೆಸರುಕಾಳು, ಮಡಿಕಿ, ಕಡಲಿ, ಮೆಂತೆ ತಪ್ಪಲ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ, ಎಲ್ಲದರಲ್ಲೂ ಇದೆ. ಗಂಗಾಳದಲ್ಲಿ ಕಬ್ಬಿಣ ತೀರ ಕಡಿಮೆ ಎಂದಲ್ಲ. ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಮಾಂಸದಲ್ಲಿರುವ ಕಬ್ಬಿಣಕ್ಕೂ ಧಾನ್ಯದಲ್ಲಿರುವ ಕಬ್ಬಿಣಕ್ಕೂ ವ್ಯತ್ಯಾಸವಿದೆ. ಧಾನ್ಯದ ಸಿಪ್ಪೆಯಲ್ಲಿ, ಕಾಳಿನಲ್ಲಿ ಫೈಟೇಟ್ ಎಂಬ ಅಂಶವಿರುತ್ತದೆ. ಅದು ಕಬ್ಬಿಣವನ್ನು ಹಿಡಿದುಕೊಂಡು ಕರುಳಿಗೆ ಬಿಟ್ಟುಕೊಡುವುದಿಲ್ಲ. ಭಾರತೀಯ ಹೆಣ್ಣುಮಕ್ಕಳ ಆಹಾರದ ಅಗತ್ಯ ಲೆಕ್ಕ ಹಾಕುವಾಗ ಊಟದ ಕಬ್ಬಿಣದಲ್ಲಿ ನೂರಕ್ಕೆ ಎಂಟು ಪಾಲು ಮಾತ್ರ ಮೈಗೆ ಹತ್ತುತ್ತದೆ ಎಂದೇ ತಜ್ಞರು ಹಿಡಿಯುತ್ತಾರೆ. ಅದಕ್ಕಾಗಿಯೇ ಅವರು ಹೆಣ್ಣುಮಕ್ಕಳಿಗೆ ದಿನಕ್ಕೆ 29 ಮಿ.ಗ್ರಾಂ ಕಬ್ಬಿಣ ಬೇಕೆಂದು 2020ರಲ್ಲಿ ನಿಗದಿ ಮಾಡಿದರು. ಉಳಿದ ಪಾಲು ಉಂಡರೂ ಇಲ್ಲದ ಹಾಗೆಯೇ.

ಇಲ್ಲಿ ಸಿ ವಿಟಮಿನ್ ಮಾಡುವ ಕೆಲಸ ಏನೆಂದರೆ, ಹೊಟ್ಟೆಯ ಆಮ್ಲದಲ್ಲಿ ಅದು ಕಬ್ಬಿಣದ ರೂಪವನ್ನೇ ಬದಲಿಸಿ, ತನ್ನ ಜೊತೆ ಕೂಡಿಸಿಕೊಂಡು, ಕರುಳಿನಲ್ಲಿ ಕರಗಿದ ಸ್ಥಿತಿಯಲ್ಲೇ ಇಡುತ್ತದೆ. ಫೈಟೇಟ್ ಹಿಡಿಯುವ ಮೊದಲು ಕರುಳು ಅದನ್ನು ಹೀರಿಕೊಳ್ಳುತ್ತದೆ. ಇದು ನಡೆಯಬೇಕಾದರೆ ಎರಡೂ ಒಂದೇ ಹೊತ್ತಿನಲ್ಲಿ ಹೊಟ್ಟೆಯಲ್ಲಿ ಇರಬೇಕು. ಮಧ್ಯಾಹ್ನ ಮೂರಕ್ಕೆ ಹೊಲದಲ್ಲಿ ಓಡಾಡುತ್ತ ತಿಂದ ಬಾರಿ ರಾತ್ರಿ ಎಂಟರ ರೊಟ್ಟಿಗೆ ನೆರವಾಗುವುದಿಲ್ಲ. ನಾನು ಹೇಳಬೇಕೆಂದಿರುವ ಮಾತು ಇದೊಂದೇ, ತಮ್ಮಾ: ಬಾರಿಯನ್ನು ನಾವು ಹೊಲದ ತಿನಿಸು, ಮಕ್ಕಳ ತಿನಿಸು ಎಂದು ಊಟದ ಹೊರಗೆ ಇಟ್ಟಿದ್ದೇವೆ. ಅದು ರೊಟ್ಟಿ, ಪಲ್ಲೆ, ಚಟ್ನಿಯ ಜೊತೆ ಗಂಗಾಳದ ಒಳಗೆ ಬರಬೇಕು, ಹಸಿಯಾಗಿಯೇ ಬರಬೇಕು.

ತಮ್ಮ: ಇದು ಪುಸ್ತಕದ ಮಾತಾಯಿತು. ಹಣ್ಣು ಊಟದ ಜೊತೆ ಕೊಟ್ಟು ಯಾರಾದರೂ ಅಳೆದು ನೋಡಿದ್ದಾರೆಯೇ?

ಅಕ್ಕ: ಬಾರಿ ಕೊಟ್ಟು ಮಾಡಿದ ಪರೀಕ್ಷೆಯನ್ನು ನಿನ್ನ ಮುಂದೆ ಇಡಲಾರೆ, ಪೇರಲ ಕೊಟ್ಟು ಮಾಡಿದ್ದನ್ನು ಇಡುತ್ತೇನೆ. ಅದೇ ಪೋಷಣ ಸಂಸ್ಥೆಯವರು ಹದಿಹರೆಯದವರಿಗೆ ಅನ್ನದ ಊಟದ ಜೊತೆ ಪೇರಲ ಹಣ್ಣು ಕೊಟ್ಟು, ರಕ್ತಕ್ಕೆ ಸೇರಿದ ಕಬ್ಬಿಣವನ್ನು ಅಳೆದು 2013ರಲ್ಲಿ ಪ್ರಕಟಿಸಿದರು. ಬರೀ ಊಟಕ್ಕಿಂತ ಹಣ್ಣು ಕೂಡಿದ ಊಟದಲ್ಲಿ ಕಬ್ಬಿಣ ಗಣನೀಯವಾಗಿ ಹೆಚ್ಚು ಸೇರಿತ್ತು. ಪೇರಲದಲ್ಲಿ ಸಿ ವಿಟಮಿನ್ ಬಾರಿಗಿಂತ ಹೆಚ್ಚು, ಹಾಗಾಗಿ ಅಷ್ಟೇ ಲಾಭ ಬಾರಿಯಿಂದ ಬರುತ್ತದೆ ಎನ್ನಬಾರದು. ದಾರಿ ಮಾತ್ರ ಒಂದೇ. ಇನ್ನೊಂದು ಎಚ್ಚರಿಕೆಯನ್ನೂ ನಾನೇ ಹೇಳಿಬಿಡುತ್ತೇನೆ, ಏಕೆಂದರೆ ಅದನ್ನು ಮುಚ್ಚಿಟ್ಟರೆ ವಾದ ಪ್ರಾಮಾಣಿಕವಾಗುವುದಿಲ್ಲ. ಒಂದೇ ಊಟ ಕೊಟ್ಟು ಅಳೆದಾಗ ಸಿ ವಿಟಮಿನ್ನಿನ ಪ್ರಭಾವ ದೊಡ್ಡದಾಗಿ ಕಾಣುತ್ತದೆ. ಹಲವು ದಿನದ ಪೂರ್ತಿ ಊಟವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಅದು ಅಷ್ಟು ದೊಡ್ಡದಾಗಿ ಉಳಿಯುವುದಿಲ್ಲ. ರಕ್ತಹೀನತೆಗೆ ಕಾರಣವೂ ಊಟ ಒಂದೇ ಅಲ್ಲ, ಜಂತುಹುಳು ಇವೆ, ಮೇಲಿಂದ ಮೇಲೆ ಹೆರಿಗೆ ಇದೆ, ಬಿ ಹನ್ನೆರಡು ಮತ್ತು ಫೋಲಿಕ್ ಆಮ್ಲದ ಕೊರತೆ ಇದೆ. ಬಸುರಿ ಹೆಣ್ಣುಮಕ್ಕಳು ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಗುಳಿಗೆ ಬಿಟ್ಟು ಬಾರಿ ತಿನ್ನಲಿ ಎಂದು ನಾನು ಎಂದೂ ಹೇಳುವುದಿಲ್ಲ. ಗುಳಿಗೆಯೂ ಬೇಕು, ಹಣ್ಣೂ ಬೇಕು. ದುಡ್ಡು ಕೊಡದೆ ಸಿಗುವ ಹಣ್ಣೊಂದು ಉಂಡ ರೊಟ್ಟಿಯಿಂದ ಸ್ವಲ್ಪ ಹೆಚ್ಚು ಕಬ್ಬಿಣ ಬಿಡಿಸಿಕೊಡುವುದಾದರೆ, ಆ ಸ್ವಲ್ಪವನ್ನು ಬಿಡುವುದು ತಿಳಿವಳಿಕೆಯಲ್ಲ.

ತಮ್ಮ: ನಮ್ಮ ಊಟದಲ್ಲಿ ಹುಳಿಗೇನು ಬರ, ಅಕ್ಕಾರ? ಸಾರಿಗೆ ಹುಣಸಿ ಹಾಕುತ್ತೇವೆ, ಪುಂಡಿಪಲ್ಲೆ ಮಾಡುತ್ತೇವೆ, ಉಪ್ಪಿನಕಾಯಿ ಇದೆ, ಲಿಂಬಿಹಣ್ಣು ವರ್ಷವಿಡೀ ಸಿಗುತ್ತದೆ. ಮೂರು ತಿಂಗಳು ಬಂದು ಹೋಗುವ ಮುಳ್ಳುಗಿಡದ ಹಣ್ಣಿನ ಮೇಲೆ ಇಷ್ಟು ಭಾರ ಯಾಕೆ ಹೊರಿಸಬೇಕು?

ಅಕ್ಕ: ಹುಳಿ ಇದ್ದಲ್ಲೆಲ್ಲ ಸಿ ವಿಟಮಿನ್ ಇದೆ ಎಂದು ತಿಳಿಯುವುದು ಸಾಮಾನ್ಯ ತಪ್ಪು. ಹುಣಸಿಯ ಹುಳಿ ಟಾರ್ಟಾರಿಕ್ ಆಮ್ಲದ್ದು. ಅದರ ತಿರುಳಿನಲ್ಲಿ ಸಿ ವಿಟಮಿನ್ ಮೂರು ಮಿ.ಗ್ರಾಂ ಮಾತ್ರ, ಅದನ್ನೂ ನಾವು ಕುದಿಸುತ್ತೇವೆ. ನಿನ್ನ ಡ್ಯಾಮ್ಸನ್ನೇ ಇದಕ್ಕೆ ಇನ್ನೊಂದು ಸಾಕ್ಷಿ: ಬಾಯಿಗೆ ಇಡಲಾರದಷ್ಟು ಹುಳಿ, ವಿಟಮಿನ್ ಅಲ್ಪ. ಬಾರಿ ಇದಕ್ಕೆ ಉಲ್ಟಾ. ಬಂಗಾರದ ಬಣ್ಣಕ್ಕೆ ತಿರುಗಿದಾಗ ಅದರಲ್ಲಿ ಹುಳಿಗಿಂತ ಸಿಹಿಯೇ ಮುಂದು, ಆದರೂ ವಿಟಮಿನ್ ಆಗಲೇ ತುಂಬಿರುತ್ತದೆ. ಲಿಂಬಿಯ ಮಾತು ನಿಜ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಊಟದಲ್ಲಿ ಹಸಿ ಲಿಂಬಿ ಹಿಂಡಿಕೊಳ್ಳುವುದು ಒಳ್ಳೆಯ ರೂಢಿ. ಆದರೆ ಒಂದು ಹೋಳಿನ ರಸದಿಂದ ಬರುವುದು ಕೆಲವೇ ಮಿ.ಗ್ರಾಂ, ಮುಷ್ಟಿ ತುಂಬ ಬಾರಿಯಿಂದ ಬರುವುದು ಅದರ ಹಲವು ಪಟ್ಟು. ಇನ್ನು ಋತುವಿನ ವಿಚಾರ. ಬಾರಿ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಹೂ ಬಿಟ್ಟು ಡಿಸೆಂಬರಿನಿಂದ ಫೆಬ್ರವರಿಯವರೆಗೆ ಹಣ್ಣಾಗುತ್ತದೆ. ಆ ಹೊತ್ತಿಗೆ ಮಾವು ಇರುವುದಿಲ್ಲ, ನೇರಳೆ ಇರುವುದಿಲ್ಲ. ಸುಗ್ಗಿಯ ಕೆಲಸ ಶುರುವಾಗುವ, ಹೆಣ್ಣಾಳುಗಳು ಬೆಳಗಿನಿಂದ ಸಂಜೆವರೆಗೆ ಹೊಲದಲ್ಲೇ ಇರುವ ಕಾಲ ಅದು. ಬುತ್ತಿ ಬಿಚ್ಚಿ ಉಣ್ಣುವ ಜಾಗದಿಂದ ಹತ್ತು ಹೆಜ್ಜೆಗೆ ಗಿಡ ಇರುತ್ತದೆ. ಬೇರೆ ಯಾವ ಹಣ್ಣನ್ನು ಹೊಲದಲ್ಲಿ ದುಡಿಯುವ ಹೆಣ್ಣುಮಗಳ ಬುತ್ತಿಯ ಪಕ್ಕಕ್ಕೆ ಪುಕ್ಕಟೆ ಇಡಲು ಸಾಧ್ಯ ಹೇಳು?

ತಮ್ಮ: ಹಿರಿಯರು ಹಣ್ಣನ್ನು ಹಾಗೇ ಬಿಟ್ಟವರಲ್ಲ. ಒಣಗಿಸಿ ಕುಟ್ಟಿ ಉಪ್ಪು, ಖಾರ ಬೆರೆಸಿ ಇಡುವ ಪದ್ಧತಿ ಇತ್ತು. ಈಗಲೂ ಸಂತೆಯಲ್ಲಿ ಮಾರುತ್ತಾರೆ. ನಿಮ್ಮ ಮಾತಿನ ಪ್ರಕಾರ ಅದೂ ವ್ಯರ್ಥವೇ?

ಅಕ್ಕ: ವ್ಯರ್ಥವಲ್ಲ, ಅದರ ಗುರಿ ಬೇರೆ. ಒಣಗಿಸಿದ ಬಾರಿಯ ತಿರುಳಿನಿಂದ ಬೀಜ ತೆಗೆದು ಮಾಡುವ ಪುಡಿ ಮಹಾರಾಷ್ಟ್ರದಲ್ಲಿ ಬೋರಕೂಟ ಎಂದು ಮಕ್ಕಳ ಕೈಗೆ ಬರುತ್ತದೆ. ತೆಲಂಗಾಣ, ಆಂಧ್ರದಲ್ಲಿ ಹಣ್ಣನ್ನು ಬೀಜದ ಸಮೇತ ಹಸಿಮೆಣಸಿನಕಾಯಿ, ಉಪ್ಪು, ಬೆಲ್ಲದೊಡನೆ ಜಜ್ಜಿ ತಟ್ಟಿ ಒಣಗಿಸುತ್ತಾರೆ. ತಮಿಳುನಾಡಿನಲ್ಲಿ ಎಲಂದ ವಡೆ ಎಂದು ಮಾರುವುದೂ ಇದರ ಬಳಗದ್ದೇ. ಇವುಗಳಲ್ಲಿ ಸಿ ವಿಟಮಿನ್ ಬಹುಪಾಲು ಬಿಸಿಲಿಗೆ ಹೋಗಿರುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ಉಳಿಯುವುದು ನಾರು, ಒಂದಿಷ್ಟು ಶಕ್ತಿ ಮತ್ತು ಹುಳಿ-ಸಿಹಿ-ಖಾರ ಕೂಡಿದ ರುಚಿ. ಬೇಸಿಗೆಯ ಬರಗಾಲದಲ್ಲಿ ಮನೆಯಲ್ಲೊಂದು ಹಣ್ಣಿನ ಸರಕು ಇದ್ದರೆ ಅದಕ್ಕೂ ಬೆಲೆಯಿದೆ. ನಿನಗೆ ಉದ್ಯೋಗ ಬೇಕೆಂದರೆ ಜಾಮ್‌ಗಿಂತ ಇದು ಮೇಲು ಎನ್ನುತ್ತೇನೆ: ಸಕ್ಕರೆಯ ಖರ್ಚಿಲ್ಲ, ಬಾಟಲಿಯ ಖರ್ಚಿಲ್ಲ, ನಮ್ಮ ನಾಲಿಗೆ ಮೊದಲೇ ಒಪ್ಪಿದ ರುಚಿ, ನಮ್ಮ ಬಿಸಿಲೇ ಸಾಕು. ಧೂಳು ಬೀಳದಂತೆ ತೆಳು ಬಟ್ಟೆ ಮುಚ್ಚಿ, ಪೂರ್ತಿ ತೇವ ಹೋಗುವವರೆಗೆ ಒಣಗಿಸಬೇಕು, ಇಲ್ಲದಿದ್ದರೆ ಬೂಸಲು ಬರುತ್ತದೆ. ಚೀಟಿಯ ಮೇಲೆ ವಿಟಮಿನ್ನಿನ ಮಾತು ಬರೆಯಬೇಡ, ಅಷ್ಟೇ.

ಹಸಿಯಾಗಿ ಗಂಗಾಳಕ್ಕೆ ತರುವ ದಾರಿಗಳೂ ಬಹಳ ಇವೆ. ಮನೆಯಲ್ಲಿ ಒಲೆ ಹಚ್ಚದೆಯೇ ಮಾಡುವಂಥವು ಅವು. ದೋರಗಾಯಿ ಹಣ್ಣನ್ನು ಬೀಜ ಬಿಡಿಸಿ ಹಸಿಮೆಣಸಿನಕಾಯಿ, ಬೆಲ್ಲ, ಜೀರಿಗೆ, ಉಪ್ಪು ಹಾಕಿ ಒರಳಿನಲ್ಲಿ ಕುಟ್ಟಿದರೆ ಕಟಕ ರೊಟ್ಟಿಗೆ ನಿಲ್ಲುವ ಚಟ್ನಿಯಾಗುತ್ತದೆ; ಹುಣಸಿಯ ಜಾಗವನ್ನು ಬಾರಿ ತುಂಬುತ್ತದೆ, ವಿಟಮಿನ್ನೂ ಉಳಿಯುತ್ತದೆ. ಆದರೆ ಆ ಹೊತ್ತಿಗೆ ಬೇಕಾದಷ್ಟೇ ಕುಟ್ಟಬೇಕು. ಜಜ್ಜಿದ ಹಣ್ಣು ಗಾಳಿಗೆ ತೆರೆದುಕೊಂಡು ಗಂಟೆಗಟ್ಟಲೆ ಕೂತರೆ ವಿಟಮಿನ್ ಇಳಿಯುತ್ತ ಹೋಗುತ್ತದೆ. ಮೊಳಕೆ ಬಂದ ಹೆಸರುಕಾಳಿಗೆ ಉಳ್ಳಾಗಡ್ಡಿ ಹೆಚ್ಚಿ ಹಾಕುವಾಗ ಬಾರಿಯ ಹೋಳುಗಳನ್ನೂ ಹಾಕಬಹುದು. ಮೊಳಕೆ ಬಂದ ಕಾಳಿನಲ್ಲಿ ಫೈಟೇಟ್ ಕಡಿಮೆಯಾಗಿರುತ್ತದೆ, ಅದಕ್ಕೆ ಬಾರಿಯ ವಿಟಮಿನ್ ಕೂಡಿದರೆ ಎರಡು ಕಡೆಯಿಂದ ಲಾಭ. ಮೊಸರಿನಲ್ಲಿ ಹಾಕಿ ಪಚಡಿ ಮಾಡಬಹುದು. ಇದೇನೂ ಇಲ್ಲವೆಂದರೆ ಊಟಕ್ಕೆ ಕೂತಾಗ ಮುಷ್ಟಿ ಹಣ್ಣು ಪಕ್ಕಕ್ಕಿಟ್ಟು ರೊಟ್ಟಿಯ ನಡುನಡುವೆ ತಿಂದರೂ ಆಯಿತು. ಇದರ ಜೊತೆ ಇನ್ನೊಂದು ರೂಢಿ ಬದಲಾಗಬೇಕು: ಉಂಡ ಕೂಡಲೇ ಚಾ ಕುಡಿಯುವುದು. ಚಹಾದ ಒಗರು ಕಬ್ಬಿಣವನ್ನು ಮತ್ತೆ ಕಟ್ಟಿಹಾಕುತ್ತದೆ. ಹಣ್ಣು ಗಳಿಸಿಕೊಟ್ಟದ್ದನ್ನು ಚಾ ಕಳೆಯಬಾರದು. ಅದೇ ಕಾರಣಕ್ಕೆ ಒಗರು ಹಸಿರುಗಾಯಿಯನ್ನೂ ಊಟಕ್ಕೆ ತೆಗೆದುಕೊಳ್ಳಬಾರದು. ಹಣ್ಣು ಬಂಗಾರದ ಬಣ್ಣಕ್ಕೆ ಬರಲಿ, ಕೆಂಪಾಗಿ ಸುಕ್ಕುಗಟ್ಟುವವರೆಗೆ ಕಾಯುವುದೂ ಬೇಡ.

ತಮ್ಮ: ಬಾರಿ ತಿಂದರೆ ಕೆಮ್ಮು ಬರುತ್ತದೆ ಎಂದು ಮನೆಯಲ್ಲಿ ಹಿರಿಯರೇ ಮಕ್ಕಳ ಕೈಯಿಂದ ಕಿತ್ತುಕೊಳ್ಳುತ್ತಾರಲ್ಲ. ಮೇಲಾಗಿ ಹಣ್ಣು ಒಡೆದರೆ ಹುಳ. ಪೇಟೆಯವರು ಮೂಗು ಮುರಿಯುವುದು ಅದಕ್ಕೇ.

ಅಕ್ಕ: ಬಾರಿಯ ಕಾಲ ಮತ್ತು ನೆಗಡಿ, ಕೆಮ್ಮಿನ ಕಾಲ ಒಂದೇ, ಎರಡೂ ಮಾಗಿಯಲ್ಲಿ ಬರುತ್ತವೆ. ಜೊತೆಯಲ್ಲಿ ಬಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. ಹುಳಿ ಹೀಚುಗಾಯಿಗೆ ಖಾರದಪುಡಿ ಹಚ್ಚಿ ತಿಂದರೆ ಗಂಟಲು ಕೆರೆಯುವುದುಂಟು, ತೊಳೆಯದ ಹಣ್ಣಿನ ಧೂಳೂ ತೊಂದರೆ ಕೊಡುತ್ತದೆ. ಹಣ್ಣಾದ ಬಾರಿಯನ್ನು ತೊಳೆದು ಊಟದಲ್ಲಿ ತಿಂದರೆ ಆ ಭಯಕ್ಕೆ ಆಧಾರವಿಲ್ಲ. ನಮ್ಮ ಹಿರಿಯರೇ ಸಂಕ್ರಾಂತಿಯ ಸುಗ್ಗಿಯಲ್ಲಿ ಬಾರಿಹಣ್ಣು, ಕಬ್ಬಿನ ತುಂಡು, ಚುರುಮುರಿ ಕೂಡಿಸಿ ಸಣ್ಣ ಮಕ್ಕಳ ತಲೆಯ ಮೇಲೆ ಎರೆಯುವ ಪದ್ಧತಿ ಇಟ್ಟರು; ಮಹಾರಾಷ್ಟ್ರದ ಭೋಗಿಯ ಭಾಜಿಯಲ್ಲಿ ಅವರೆ, ಗಜ್ಜರಿ, ಹಸಿಕಡಲೆಯ ಜೊತೆ ಬಾರಿಯೂ ಬೀಳುತ್ತದೆ. ಚರಕಸಂಹಿತೆ ಹೃದ್ಯವೆಂದು ಎಣಿಸಿದ ಹತ್ತು ದ್ರವ್ಯಗಳಲ್ಲಿ ಬದರಿ ಇದೆ. ರಾಮದುರ್ಗ ತಾಲೂಕಿನ ಸುರೇಬಾನದ ಹತ್ತಿರದ ಶಬರಿಕೊಳ್ಳಕ್ಕೆ ಹೋಗುವ ಭಕ್ತರಿಗೆ ಶಬರಿ ಎಂದರೆ ಬಾರಿಹಣ್ಣೇ ನೆನಪು. ಇವನ್ನೆಲ್ಲ ಪೋಷಣೆಯ ಪುರಾವೆ ಎಂದು ನಾನು ಮುಂದಿಡುವುದಿಲ್ಲ. ನಮ್ಮ ಜನ ಅದನ್ನು ಎಂದೂ ವಿಷವೆಂದು, ಕೀಳೆಂದು ದೂರ ಇಟ್ಟವರಲ್ಲ ಎಂಬುದಕ್ಕೆ ಮಾತ್ರ ಪುರಾವೆ.

ಹುಳದ ಮಾತು ಖರೆ. ಅದು ಬಾರಿಯ ಹಣ್ಣುನೊಣದ ಮರಿ. ನೊಣ ಎಳೆಗಾಯಿಯ ಸಿಪ್ಪೆಯೊಳಗೆ ಮೊಟ್ಟೆ ಇಡುತ್ತದೆ, ಮರಿ ತಿರುಳು ತಿಂದು ಬೆಳೆದು ಕೆಳಗಿನ ಮಣ್ಣಿಗೆ ಇಳಿದು ಕೋಶವಾಗುತ್ತದೆ, ಮುಂದಿನ ಸಲ ಅಲ್ಲಿಂದಲೇ ಏಳುತ್ತದೆ. ಹಣ್ಣು ಬಿದ್ದು ಕೊಳೆಯುತ್ತದೆ ಎಂದೆಯಲ್ಲ, ಆ ಕೊಳೆತ ಹಣ್ಣೇ ನೊಣದ ಬೀಡು. ಬಿದ್ದದ್ದನ್ನು ಆಗಾಗ ಆರಿಸಿ ಆಳವಾಗಿ ಹುಗಿಯುವುದು, ಬೇಸಿಗೆಯಲ್ಲಿ ಗಿಡದ ಬುಡದ ಮಣ್ಣನ್ನು ಅಗೆದು ಬಿಸಿಲಿಗೆ ಬಿಡುವುದು, ಇಷ್ಟರಿಂದಲೇ ಹುಳ ಬಹಳ ಕಡಿಮೆಯಾಗುತ್ತದೆ. ಅಕ್ಕಪಕ್ಕದ ಹೊಲದವರು ಕೂಡಿ ಮಾಡಬೇಕು, ಇಲ್ಲವಾದರೆ ನೊಣ ಒಬ್ಬರ ಬದುವಿನಿಂದ ಇನ್ನೊಬ್ಬರ ಬದುವಿಗೆ ಬರುತ್ತದೆ.

ತಮ್ಮ: ಬದುವಿನ ಮಾತು ಬಂತು, ಅಲ್ಲೇ ನನ್ನ ದೊಡ್ಡ ತಕರಾರು ಇರುವುದು. ನೀವು ಗಂಗಾಳದ ಲೆಕ್ಕ ಹೇಳುತ್ತೀರಿ, ನಾನು ಎಕರೆಯ ಲೆಕ್ಕ ಹೇಳುತ್ತೇನೆ. ಗಿಡದ ನೆರಳಿಗೆ ನಾಲ್ಕು ಸಾಲು ಪೈರು ಸಣಕಲಾಗುತ್ತದೆ. ಮುಳ್ಳು ಟ್ರ್ಯಾಕ್ಟರಿನ ಗಾಲಿಗೂ ಚುಚ್ಚುತ್ತದೆ, ಕಳೆ ತೆಗೆಯುವವರ ಕಾಲಿಗೂ ಚುಚ್ಚುತ್ತದೆ. ಹಕ್ಕಿಗಳು ಅದರಲ್ಲೇ ಕೂತು ಜೋಳದ ತೆನೆ ತಿನ್ನುತ್ತವೆ. ಹೀಗಾಗಿಯೇ ಜನ ಜೆಸಿಬಿ ತರಿಸಿ ಬದು ಸ್ವಚ್ಛ ಮಾಡಿಸುತ್ತಾರೆ. ಅವರು ದಡ್ಡರಲ್ಲ.

ಅಕ್ಕ: ದಡ್ಡರು ಎಂದು ನಾನೂ ಅನ್ನುವುದಿಲ್ಲ. ನೆರಳಿನ ನಷ್ಟ ನಿಜ, ಮುಳ್ಳಿನ ಕಾಟ ನಿಜ. ಬದುವಿನ ಉದ್ದಕ್ಕೂ ಕಂಟಿ ಬೆಳೆಯಲು ಬಿಡು ಎಂದು ಹೇಳುತ್ತಿಲ್ಲ. ಒಂದೊಂದು ಬದುವಿಗೆ ಒಂದೆರಡು ಒಳ್ಳೆಯ ಗಿಡ ಇರಲಿ ಎನ್ನುತ್ತೇನೆ. ಅದಕ್ಕೆ ಪ್ರತಿಯಾಗಿ ಗಿಡ ಕೊಡುವುದನ್ನೂ ಅದೇ ಎಕರೆಯ ಲೆಕ್ಕದಲ್ಲಿ ಬರೆದುಕೋ. ಬೇರು ಆಳಕ್ಕೆ ಇಳಿದು ಬದುವಿನ ಮಣ್ಣನ್ನು ಹಿಡಿಯುತ್ತದೆ. ನಮ್ಮ ಎರಿ ಮಣ್ಣು ಒಂದೇ ಜೋರು ಮಳೆಗೆ ಕೊಚ್ಚಿಹೋಗುವುದನ್ನು ನೀನು ಬಲ್ಲೆ. ಎಲೆ ಆಡು, ಕುರಿಗೆ ಮೇವು. ಹೂವಿಗೆ ಜೇನು ಬರುತ್ತದೆ. ಸವರಿದ ಮುಳ್ಳು ಬಣವಿಗೆ ಬೇಲಿ. ಅರಗಿನ ಹುಳ ಸಾಕಲು ಮುತ್ತುಗ, ಕುಸುಮದ ಮರಗಳ ಜೊತೆ ಬಳಸುವ ಗಿಡವೂ ಬಾರಿಯೇ. ಇನ್ನು ನೆರಳು. ಬಾರಿಯ ವಿಶೇಷವೆಂದರೆ ಅದನ್ನು ಪ್ರತಿ ಬೇಸಿಗೆ ಸವರಿದರೆ ಗಿಡ ಚಿಕ್ಕದಾಗಿ ನಿಲ್ಲುತ್ತದೆ, ಹಣ್ಣೂ ಹೆಚ್ಚಾಗುತ್ತದೆ, ಏಕೆಂದರೆ ಹೂ ಬಿಡುವುದು ಆ ವರ್ಷ ಹೊಸದಾಗಿ ಚಿಗುರಿದ ರೆಂಬೆ. ಸವರದೆ ಬಿಟ್ಟ ಗಿಡವೇ ಹರಡಿ ನೆರಳು ಮಾಡುತ್ತದೆ, ಸಣ್ಣ ಹಣ್ಣು ಬಿಡುತ್ತದೆ, ಆಮೇಲೆ ಉಪಯೋಗವಿಲ್ಲ ಎಂಬ ಹೆಸರು ಪಡೆಯುತ್ತದೆ.

ತಮ್ಮ: ಹಾಗಾದರೆ ಪೇಟೆಯಲ್ಲಿ ಸಿಗುವ ಆ್ಯಪಲ್ ಬಾರಿಯ ಸಸಿಯನ್ನೇ ಹಚ್ಚಬಹುದಲ್ಲ. ಹಣ್ಣು ದೊಡ್ಡದು, ಗಿರಾಕಿಯೂ ಇದ್ದಾರೆ.

ಅಕ್ಕ: ನೀರಾವರಿ ಇದ್ದವರು ತೋಟವಾಗಿ ಬೆಳೆಯಲಿ, ಬೇಡ ಎನ್ನುವುದಿಲ್ಲ. ಮಳೆಯನ್ನೇ ನಂಬಿದ ಬದುವಿಗೆ ಅದಕ್ಕಿಂತ ಒಳ್ಳೆಯ ದಾರಿ ಇದೆ. ನಿಂತ ಕಾಡುಬಾರಿಯ ಬೇರು ಇದೆಯಲ್ಲ, ಅದನ್ನು ಕಳೆದುಕೊಳ್ಳದೆ ಮೇಲಿನ ಭಾಗವನ್ನಷ್ಟೇ ಬದಲಿಸುವುದು. ಬೇಸಿಗೆಯಲ್ಲಿ ಗಿಡವನ್ನು ಮೊಣಕಾಲೆತ್ತರಕ್ಕಿಂತ ಕೆಳಗೆ ಕತ್ತರಿಸಬೇಕು. ಮುಂಗಾರಿಗೆ ಬರುವ ಚಿಗುರಿನಲ್ಲಿ ಒಂದೆರಡನ್ನು ಉಳಿಸಿ, ಅವಕ್ಕೆ ಒಳ್ಳೆಯ ತಳಿಯ ಕಣ್ಣು ಕಸಿ ಹಾಕಬೇಕು. ಗೋಲಾ, ಸೇಬ್, ಉಮ್ರಾನ್ ಇವು ಒಣ ಸೀಮೆಗೆ ಒಗ್ಗಿದ ತಳಿಗಳು. ಜೋಧಪುರದ ಕೇಂದ್ರೀಯ ಶುಷ್ಕ ವಲಯ ಸಂಶೋಧನಾ ಸಂಸ್ಥೆ ರಾಜಸ್ಥಾನದ ಮರುಭೂಮಿಯ ರೈತರಿಗೆ ಈ ಕೆಲಸವನ್ನು ತೋರಿಸಿಕೊಟ್ಟಿದೆ. ಅಲ್ಲಿಯ ಮಳೆಗೆ ಹೋಲಿಸಿದರೆ ನಮ್ಮದು ಸಮೃದ್ಧಿ. ಹೊಸ ಸಸಿಗೆ ಮೊದಲ ವರ್ಷಗಳಲ್ಲಿ ನೀರು ಹೊತ್ತು ಹಾಕಬೇಕು. ಕಸಿ ಹಾಕಿದ ಹಳೆ ಬೇರಿಗೆ ಆ ಕಷ್ಟವಿಲ್ಲ. ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಕಣ್ಣು ಕಸಿ ಬಲ್ಲವರನ್ನು ಕೇಳಿ ಕಲಿಯಬಹುದು. ಊರಿಗೆ ಇಬ್ಬರು ಹುಡುಗರು ಕಲಿತರೆ ಸಾಕು.

ತಮ್ಮ: ಹಣ್ಣು ಬಂತು ಎನ್ನೋಣ. ಕೊಳ್ಳುವವರು ಯಾರು? ಸಂತೆಯಲ್ಲಿ ಕೂತು ಮಾರಿದರೆ ಬುಟ್ಟಿಯ ಬಾಡಿಗೆಯೂ ಹುಟ್ಟುವುದಿಲ್ಲ.

ಅಕ್ಕ: ಶಾಲೆ ಕೊಳ್ಳಬೇಕು. ನಮ್ಮ ರಾಜ್ಯದಲ್ಲಿ 2002ರಲ್ಲಿ ಶುರುವಾದ ಅಕ್ಷರ ದಾಸೋಹದ ಬಿಸಿಯೂಟದಲ್ಲಿ ಈಗ ಮೊಟ್ಟೆ ಕೊಡುತ್ತಾರೆ, ಅದನ್ನು ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಮೊಟ್ಟೆಯನ್ನು ಮುಟ್ಟುವ ಮಾತು ನಾನು ಆಡುವುದಿಲ್ಲ, ಅದು ಮಕ್ಕಳಿಗೆ ಬೇಕೇ ಬೇಕು. ಬಾಳೆಹಣ್ಣು ಹೊಟ್ಟೆ ತುಂಬಿಸುತ್ತದೆ, ಶಕ್ತಿ ಕೊಡುತ್ತದೆ; ಆದರೆ ತೊಗರಿಬೇಳೆ, ಸೊಪ್ಪಿನ ಸಾರಿನ ಕಬ್ಬಿಣವನ್ನು ಬಿಡಿಸುವ ಕೆಲಸಕ್ಕೆ ಅದರ ಏಳು ಮಿ.ಗ್ರಾಂ ಸಾಲುವುದಿಲ್ಲ. ಡಿಸೆಂಬರ್, ಜನವರಿ, ಫೆಬ್ರವರಿಯಲ್ಲಿ ಊರಿನ ಮಹಿಳಾ ಸ್ವಸಹಾಯ ಸಂಘದಿಂದ ಶಾಲೆ ಬಾರಿ ಕೊಂಡು, ತೊಳೆದು, ಎಲ್ಲ ಮಕ್ಕಳಿಗೂ ಊಟದ ಜೊತೆ ಮುಷ್ಟಿ ಹಣ್ಣು ಕೊಡಲಿ. ಬಾಳೆಹಣ್ಣಿನ ಬದಲಿಗೆ ಅಲ್ಲ, ಅದರ ಜೊತೆಗೆ. ಸಾಗಣೆಯ ಖರ್ಚಿಲ್ಲ. ಹಣ್ಣು ನಾಲ್ಕೈದು ದಿನಕ್ಕಿಂತ ಹೆಚ್ಚು ತಾಳುವುದಿಲ್ಲ ಎಂಬ ದೋಷವೂ ಇಲ್ಲಿ ದೋಷವಾಗುವುದಿಲ್ಲ, ಬೆಳಗ್ಗೆ ಆರಿಸಿದ್ದು ಮಧ್ಯಾಹ್ನಕ್ಕೆ ಮುಗಿಯುತ್ತದೆ.

ತಮ್ಮ: ಸಣ್ಣ ಮಕ್ಕಳ ಗಂಟಲಿಗೆ ಬೀಜ ಸಿಕ್ಕರೆ?

ಅಕ್ಕ: ಒಳ್ಳೆಯ ಪ್ರಶ್ನೆ ಕೇಳಿದೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಅಂಗನವಾಡಿಯ ಮಕ್ಕಳಿಗೆ ಇಡೀ ಹಣ್ಣು ಕೊಡಲೇಬಾರದು. ಬೀಜ ಬಿಡಿಸಿ ತಿರುಳಷ್ಟೇ ಕೊಡಬೇಕು. ಒಂದನೆಯ, ಎರಡನೆಯ ತರಗತಿಯವರಿಗೂ ಹಾಗೆಯೇ. ಸಕ್ಕರೆ ಕಾಯಿಲೆ ಇರುವ ಹಿರಿಯರು ಬೇರೆ ಹಣ್ಣಿನ ಹಾಗೆ ಇದನ್ನೂ ಅಳತೆಯಲ್ಲಿ ತಿನ್ನಲಿ.

ತಮ್ಮ: ನನ್ನ ಜಾಮ್ ಬಾಟಲಿಯನ್ನು ಸದ್ಯಕ್ಕೆ ಬದಿಗಿಟ್ಟೆ, ಅಕ್ಕಾರ. ಈಗ ಮೊದಲು ಏನು ಮಾಡಲಿ ಹೇಳಿರಿ.

ಅಕ್ಕ: ಮೊದಲು ಕಡಿಯುವುದನ್ನು ನಿಲ್ಲಿಸು, ಬೇರೆಯವರಿಗೂ ಹೇಳು. ಏಪ್ರಿಲ್ ಹೊತ್ತಿಗೆ ಬಾರಿ ಎಲೆ ಉದುರಿಸಿ ಒಣಗಿದ ಹಾಗೆ ನಿಲ್ಲುತ್ತದೆ. ಬಿಸಿಲಿನ ತಿಂಗಳುಗಳನ್ನು ದಾಟಲು ಗಿಡ ತಾನೇ ಮಾಡಿಕೊಂಡ ಉಪಾಯ ಅದು, ಸಾವಲ್ಲ. ಹೊಲ ಖಾಲಿಯಾಗಿ ಬದು ಸ್ವಚ್ಛ ಮಾಡಿಸಲು ಜನ ಯಂತ್ರ ತರಿಸುವುದೂ ಅದೇ ತಿಂಗಳಲ್ಲಿ, ಹಾಗಾಗಿ ಬದುಕಿರುವ ಗಿಡ ಸತ್ತದ್ದೆಂದು ಬೇರು ಸಮೇತ ಹೋಗುತ್ತದೆ. ಈ ಮಾಗಿಯಲ್ಲಿ ಯಾವ ಗಿಡದ ಹಣ್ಣು ರುಚಿ, ಯಾವುದಕ್ಕೆ ಹುಳ ಕಡಿಮೆ ಎಂದು ನೋಡಿ ಅವಕ್ಕೆ ಈಗಲೇ ಸುಣ್ಣದ ಗುರುತು ಹಾಕು. ಏಪ್ರಿಲಿನಲ್ಲಿ ಗುರುತಿದ್ದ ಗಿಡವನ್ನು ಸವರು, ಉಳಿದವುಗಳಲ್ಲಿ ಒಂದನ್ನು ಕತ್ತರಿಸಿ ಮುಂಗಾರಿನ ಕಸಿಗೆ ಸಿದ್ಧ ಮಾಡು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಕಣ್ಣು ಕೂಡಿಸುವ ಕೆಲಸ ಶುರುಮಾಡಬಹುದು.